ಹಾಲಿಡೇ ಲೆಮ್ಮಿಂಗ್ಸ್: ಮಕ್ಕಳ ಜೊತೆ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ರಜೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂತು ಆಡೋಕೆ ಯಾವ ಗೇಮ್ ಒಳ್ಳೆಯದು ಅಂತ ಕೇಳಿದವರಿಗೆಲ್ಲ ನಾನು ಹೇಳುವ ಹೆಸರು ಹಾಲಿಡೇ ಲೆಮ್ಮಿಂಗ್ಸ್. 1990ರ ದಶಕದ ಹಳೆಯ ಆಟ. ಆದರೆ ಅಪ್ಪ, ಅಮ್ಮ, ಅಜ್ಜಿ, ಮಗು ಎಲ್ಲರೂ ಒಂದೇ ಸ್ಕ್ರೀನಿನ ಮುಂದೆ ಕೂತು ಒಟ್ಟಿಗೆ ತಲೆ ಓಡಿಸುವ ಇಂಥ ಆಟ ನನಗೆ ಇನ್ನೊಂದು ಸಿಕ್ಕಿಲ್ಲ. ಹೆಸರು ಹೇಳಿದ ಮೇಲೆ ಒಂದಾದ ಮೇಲೊಂದು ಪ್ರಶ್ನೆ ಬರುತ್ತವೆ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ಎಂಥ ಆಟ?

ಸ್ಕ್ರೀನಿನ ಮೇಲೆ ಒಂದು ಬಾಗಿಲು ತೆರೆಯುತ್ತದೆ. ಅದರಿಂದ ಪುಟಾಣಿ ಲೆಮ್ಮಿಂಗ್‌ಗಳು ಒಂದರ ಹಿಂದೊಂದು ಉದುರಿ, ನೆಲ ಮುಟ್ಟಿ, ನಡೆಯಲು ಶುರು ಮಾಡುತ್ತವೆ. ಅವಕ್ಕೆ ಗೊತ್ತಿರುವುದು ನೇರ ನಡೆಯುವುದು ಮಾತ್ರ. ಗೋಡೆ ಸಿಕ್ಕರೆ ತಿರುಗುತ್ತವೆ. ಗುಂಡಿ ಸಿಕ್ಕರೆ ಬೀಳುತ್ತವೆ. ನೀರು ಸಿಕ್ಕರೆ ಮುಳುಗುತ್ತವೆ. ಅವು ಕ್ಷೇಮವಾಗಿ ಇನ್ನೊಂದು ತುದಿಯ ಬಾಗಿಲು ಸೇರುವ ಹಾಗೆ ದಾರಿ ಮಾಡಿಕೊಡುವುದು ನಮ್ಮ ಕೆಲಸ.

ಅದಕ್ಕೆ ನಾವು ಒಂದೊಂದು ಲೆಮ್ಮಿಂಗ್‌ಗೆ ಒಂದೊಂದು ಕೆಲಸ ಹಚ್ಚುತ್ತೇವೆ. ಒಟ್ಟು ಎಂಟು ಥರದ ಕೆಲಸಗಳಿವೆ. ನೀನು ಅಗೆ, ನೀನು ಮೆಟ್ಟಿಲು ಕಟ್ಟು, ನೀನು ಇಲ್ಲೇ ನಿಂತು ಉಳಿದವರನ್ನು ತಡಿ. ಎಲ್ಲವನ್ನೂ ಉಳಿಸಬೇಕು ಅಂತಿಲ್ಲ. ಪ್ರತಿ ಲೆವೆಲ್ ಶುರುವಾಗುವ ಮುಂಚೆ ಎಷ್ಟು ಲೆಮ್ಮಿಂಗ್ ಬರುತ್ತವೆ, ನೂರಕ್ಕೆ ಎಷ್ಟನ್ನು ಉಳಿಸಬೇಕು, ಎಷ್ಟು ನಿಮಿಷ ಸಮಯ ಇದೆ ಅಂತ ಆಟವೇ ಹೇಳುತ್ತದೆ.

ಮಾಮೂಲಿ ಲೆಮ್ಮಿಂಗ್ಸ್‌ನಲ್ಲಿ ಅವಕ್ಕೆ ಹಸಿರು ಕೂದಲು, ನೀಲಿ ಅಂಗಿ. ಹಾಲಿಡೇ ಆವೃತ್ತಿಯಲ್ಲಿ ಸಾಂತಾ ಕ್ಲಾಸ್‌ನ ಕೆಂಪು ಬಿಳಿ ವೇಷ. ಸುತ್ತ ಹಿಮ, ಹಿನ್ನೆಲೆಯಲ್ಲಿ ಕ್ರಿಸ್‌ಮಸ್ ಹಾಡಿನ ಧಾಟಿ. ಆಟದ ನಿಯಮ ಮಾತ್ರ ಎರಡರಲ್ಲೂ ಒಂದೇ.

ಇದನ್ನು ಪ್ಲಾಟ್‌ಫಾರ್ಮ್ ಗೇಮ್ ಅನ್ನಬಹುದಾ? ಇಲ್ಲಿ ಯಾರೂ ಹಾರುವುದೇ ಇಲ್ಲವಲ್ಲ?

ಮಹಡಿಯಿಂದ ಮಹಡಿಗೆ ಹಾರುತ್ತಾ ಸಾಗುವ ಪ್ಲಾಟ್‌ಫಾರ್ಮ್ ಗೇಮ್‌ಗಳನ್ನು, ಅಂದರೆ 1981ರ ಡಾಂಕಿ ಕಾಂಗ್, 1985ರ ಸೂಪರ್ ಮಾರಿಯೋ ಬ್ರದರ್ಸ್ ಥರದವನ್ನು ಆಡಿದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಲ್ಲಿ ಒಬ್ಬ ನಾಯಕ ಇರುತ್ತಾನೆ, ಅವನನ್ನು ನಾವು ಓಡಿಸುತ್ತೇವೆ, ಹಾರಿಸುತ್ತೇವೆ. ಇಲ್ಲೂ ಅದೇ ಥರದ ಮಹಡಿ ಮಹಡಿ ಜಾಗ, ಅದೇ ಗುಂಡಿ, ಅದೇ ಎತ್ತರ ತಗ್ಗು. ಆದರೆ ನಡೆಯುವವರು ತಾವಾಗಿಯೇ ನಡೆಯುತ್ತಾರೆ, ನಾವು ಬದಲಾಯಿಸುವುದು ನೆಲವನ್ನು. ಹಾಗಾಗಿ ಇದನ್ನು ಪಜಲ್ ಪ್ಲಾಟ್‌ಫಾರ್ಮ್ ಆಟ ಅನ್ನುತ್ತಾರೆ.

ಚಿಕ್ಕ ಮಕ್ಕಳಿಗೆ ಇದು ಒಗ್ಗುವುದಕ್ಕೆ ಕಾರಣವೂ ಇದೇ. ಐದು ವರ್ಷದ ಮಗುವಿನ ಬೆರಳು ಸರಿಯಾದ ಕ್ಷಣಕ್ಕೆ ಹಾರುವ ಬಟನ್ ಒತ್ತುವಷ್ಟು ಚುರುಕಾಗಿರುವುದಿಲ್ಲ. ಅದೇ ಮಗುವಿನ ತಲೆ "ಇಲ್ಲೊಂದು ಸೇತುವೆ ಕಟ್ಟಿದ್ರೆ ಆಚೆ ಹೋಗಬಹುದು" ಅಂತ ಯೋಚಿಸುವಷ್ಟು ಚುರುಕಾಗಿರುತ್ತದೆ.

ಆ ಎಂಟು ಕೆಲಸಗಳು ಯಾವುವು? ಮಗುವಿಗೆ ಹೇಗೆ ಹೇಳಿಕೊಡಲಿ?

ಸ್ಕ್ರೀನಿನ ಕೆಳಗಿನ ಪಟ್ಟಿಯಲ್ಲಿ ಎಂಟು ಚಿತ್ರಗಳಿವೆ. ಪ್ರತಿ ಚಿತ್ರದ ಮೇಲೆ ಒಂದು ಸಂಖ್ಯೆ. ಆ ಕೆಲಸವನ್ನು ಅಷ್ಟು ಸಲ ಮಾತ್ರ ಕೊಡಬಹುದು. ಸಂಖ್ಯೆ ಮುಗಿದರೆ ಮುಗಿಯಿತು.

ಮೊದಲನೆಯದು ಹತ್ತುವವನು. ಗೋಡೆ ಸಿಕ್ಕರೆ ತಿರುಗದೆ ಹತ್ತಿಬಿಡುತ್ತಾನೆ. ಎರಡನೆಯದು ಛತ್ರಿ. ಎಷ್ಟು ಎತ್ತರದಿಂದ ಬಿದ್ದರೂ ಛತ್ರಿ ಬಿಚ್ಚಿ ತೇಲುತ್ತಾ ಇಳಿಯುತ್ತಾನೆ. ಈ ಎರಡು ಗುಣ ಒಮ್ಮೆ ಬಂದರೆ ಆ ಲೆವೆಲ್ ಮುಗಿಯುವವರೆಗೂ ಇರುತ್ತವೆ. ಒಬ್ಬನಿಗೇ ಎರಡನ್ನೂ ಕೊಡಬಹುದು. ಅಂಥವನು ಒಬ್ಬನಿದ್ದರೆ ಅರ್ಧ ತೊಂದರೆ ಕಳೆದ ಹಾಗೆ.

ಮೂರನೆಯದು ಸಿಡಿಯುವವನು. ಇವನ ಬಗ್ಗೆ ಮುಂದೆ ಬೇರೆ ಹೇಳಬೇಕು. ನಾಲ್ಕನೆಯವನು ತಡೆಯುವವನು. ಎರಡೂ ಕೈ ಚಾಚಿ ನಿಲ್ಲುತ್ತಾನೆ. ಯಾರನ್ನೂ ಮುಂದೆ ಬಿಡುವುದಿಲ್ಲ.

ಐದನೆಯವನು ಕಟ್ಟುವವನು. ಇವನು ಮಕ್ಕಳಿಗೆ ಅಚ್ಚುಮೆಚ್ಚು. ಹೆಗಲ ಮೇಲಿನ ಚೀಲದಿಂದ ಒಂದೊಂದೇ ಹಲಗೆ ತೆಗೆದು ಮೆಟ್ಟಿಲು ಇಡುತ್ತಾ ಮೇಲೇರುತ್ತಾನೆ. ಒಟ್ಟು 12 ಹಲಗೆ. ಕೊನೆಯ ಮೂರು ಇಡುವಾಗ ಟಣ್ ಅಂತ ಒಂದು ಸದ್ದು ಬರುತ್ತದೆ. ಆಮೇಲೆ ಒಂದು ಕ್ಷಣ ನಿಂತು, ಹೆಗಲು ಕುಣಿಸಿ "ಮುಗೀತು" ಅನ್ನುವ ಹಾಗೆ ನೋಡಿ, ಸೀದಾ ಮುಂದಕ್ಕೆ ನಡೆದುಬಿಡುತ್ತಾನೆ. ಮುಂದೆ ನೆಲ ಇದೆಯೋ ಇಲ್ಲವೋ ನೋಡುವುದಿಲ್ಲ. ಮೊದಲ ಟಣ್ ಕೇಳುತ್ತಿದ್ದ ಹಾಗೆ ಮಕ್ಕಳೆಲ್ಲ ಒಟ್ಟಿಗೆ "ಇನ್ನೊಂದ್ಸಲ! ಇನ್ನೊಂದ್ಸಲ!" ಅಂತ ಕೂಗುತ್ತಾರೆ. ಹೆಗಲು ಕುಣಿಸುವಷ್ಟರಲ್ಲಿ ಮತ್ತೆ ಅದೇ ಕೆಲಸ ಹಚ್ಚಿದರೆ ಅಲ್ಲಿಂದಲೇ ಇನ್ನೂ 12 ಹಲಗೆ ಕಟ್ಟುತ್ತಾನೆ. ಇಡೀ ಆಟದ ಉಸಿರು ಈ ಮೂರು ಸದ್ದಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಉಳಿದ ಮೂವರೂ ಅಗೆಯುವವರೇ. ಒಬ್ಬ ಅಡ್ಡಕ್ಕೆ ಕೊರೆಯುತ್ತಾನೆ, ಒಬ್ಬ ಗುದ್ದಲಿ ಹಿಡಿದು ಓರೆಯಾಗಿ ಕೆಳಗೆ ಇಳಿಯುತ್ತಾನೆ, ಒಬ್ಬ ನೆಟ್ಟಗೆ ಕೆಳಗೆ ತೋಡುತ್ತಾನೆ. ಉಕ್ಕಿನ ನೆಲವನ್ನು ಮಾತ್ರ ಯಾರೂ ಅಗೆಯಲಾರರು.

ಎಂಟನ್ನೂ ಒಂದೇ ದಿನ ಹೇಳಿಕೊಡಬೇಡಿ. ಕಟ್ಟುವವನು, ನೆಟ್ಟಗೆ ತೋಡುವವನು, ಛತ್ರಿ, ಈ ಮೂರು ಗೊತ್ತಾದರೆ ಮೊದಲ ದಿನಕ್ಕೆ ಧಾರಾಳ ಸಾಕು.

ಹಾಲಿಡೇ ಲೆಮ್ಮಿಂಗ್ಸ್, ಎಕ್ಸ್‌ಮಸ್ ಲೆಮ್ಮಿಂಗ್ಸ್ ಬೇರೆ ಬೇರೆನಾ?

ಒಂದೇ. ಎರಡು ಹೆಸರಲ್ಲೂ ಬಂದಿದೆ. ಮೂಲ ಲೆಮ್ಮಿಂಗ್ಸ್ ಹೊರಬಂದದ್ದು 1991ರ ಫೆಬ್ರವರಿಯಲ್ಲಿ. ಅದೇ ವರ್ಷದ ಕ್ರಿಸ್‌ಮಸ್‌ಗೆ ನಾಲ್ಕೇ ಲೆವೆಲ್‌ಗಳ ಒಂದು ಡೆಮೊ ಬಿಟ್ಟರು, 1992ರಲ್ಲಿ ಇನ್ನೊಂದು ನಾಲ್ಕು ಲೆವೆಲ್‌ಗಳದ್ದು. ಅವು ಜನರಿಗೆ ಇಷ್ಟವಾದವು. 1993ರಲ್ಲಿ 32 ಲೆವೆಲ್‌ಗಳ ಪೂರ್ತಿ ಆಟವೇ ಬಂತು. 1994ರಲ್ಲಿ ಮತ್ತೆ 32 ಸೇರಿ ಒಟ್ಟು 64 ಆದವು. ಫ್ಲರಿ, ಬ್ಲಿಝರ್ಡ್, ಫ್ರಾಸ್ಟ್, ಹೇಲ್ ಅಂತ ನಾಲ್ಕು ಗುಂಪುಗಳಿವೆ, ಒಂದೊಂದರಲ್ಲಿ 16 ಲೆವೆಲ್.

ಮೂಲ ಆಟದಲ್ಲಿ 120 ಲೆವೆಲ್. ಅದರ ಜೊತೆ ಹೋಲಿಸಿದರೆ ಇದು ಚಿಕ್ಕದು. ರಜೆಯ ಹತ್ತು ಹನ್ನೆರಡು ದಿನಕ್ಕೆ ಇಷ್ಟೇ ಸರಿ.

ಎಷ್ಟು ವಯಸ್ಸಿನ ಮಕ್ಕಳಿಗೆ ಸರಿಹೋಗುತ್ತದೆ?

ಆರು ಏಳು ವರ್ಷದ ಮಗು ಮೌಸ್ ಹಿಡಿದು ತಾನೇ ಆಡಬಲ್ಲದು. ನಾಲ್ಕೈದು ವರ್ಷದವರು ದೊಡ್ಡವರ ಪಕ್ಕ ಕೂತು "ಅವನಿಗೆ ಛತ್ರಿ ಕೊಡು" ಅಂತ ಹೇಳುತ್ತಾ ಆಡಬಹುದು. ಅದೂ ಆಡಿದ ಹಾಗೇ. ನಾಲ್ಕಕ್ಕಿಂತ ಚಿಕ್ಕವರಿಗೆ ಬೇಡ. ಲೆಮ್ಮಿಂಗ್‌ಗಳು ತೀರಾ ಪುಟ್ಟವು, ಮೂಲದಲ್ಲಿ 8 ಪಿಕ್ಸೆಲ್ ಅಗಲದ ಜಾಗದಲ್ಲಿ ಬರೆದ ಚಿತ್ರ. ಅಷ್ಟು ಚಿಕ್ಕದನ್ನು ದಿಟ್ಟಿಸಿ ನೋಡುವುದು ಎಳೆಯ ಕಣ್ಣಿಗೆ ಒಳ್ಳೆಯದಲ್ಲ. ಯಾವ ವಯಸ್ಸಿನವರಾದರೂ ಸಾಧ್ಯವಿದ್ದರೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ದೂರ ಕೂತು ಆಡಿ.

ಲೆಮ್ಮಿಂಗ್‌ಗಳು ಸಾಯುತ್ತವಂತೆ, ಸಿಡಿಯುತ್ತವಂತೆ. ಮಕ್ಕಳ ಆಟದಲ್ಲಿ ಇದೇನು?

ಇದು ನಿಜವಾದ ಕಾಳಜಿ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ತುಂಬಾ ಎತ್ತರದಿಂದ ಬಿದ್ದ ಲೆಮ್ಮಿಂಗ್ ನೆಲಕ್ಕೆ ಅಪ್ಪಳಿಸಿ ಮಾಯವಾಗುತ್ತದೆ. ನೀರಿಗೆ ಬಿದ್ದದ್ದು ಕೈ ಬಡಿದು ಮುಳುಗುತ್ತದೆ. ಸಿಡಿಯುವ ಕೆಲಸ ಕೊಟ್ಟರೆ ತಲೆಯ ಮೇಲೆ ಐದರಿಂದ ಎಣಿಕೆ ಶುರುವಾಗಿ, ಕಡೆಗೆ ಕಿವಿ ಮುಚ್ಚಿಕೊಂಡು "ಓ ನೋ!" ಅಂದು ಪಟ್ ಅನ್ನುತ್ತದೆ. ರಕ್ತ ಇಲ್ಲ. ಬಣ್ಣದ ಚುಕ್ಕಿಗಳು ಚೆದುರುತ್ತವೆ, ಅಷ್ಟೇ. ಬಹಳಷ್ಟು ಮಕ್ಕಳು ಇದನ್ನು ನೋಡಿ ನಗುತ್ತಾರೆ. ಆದರೆ ಕೆಲವು ಮೃದು ಮನಸ್ಸಿನ ಮಕ್ಕಳು ಅಳುತ್ತಾರೆ. ನಮ್ಮ ಮನೆಯ ಚಿಕ್ಕವಳು ಹಾಗೆಯೇ. ಒಂದೇ ಒಂದು ನೀರಿಗೆ ಬಿದ್ದರೂ ಸಾಕು, ಮತ್ತೆ ಮೊದಲಿನಿಂದ ಆಡೋಣ ಅಂತ ಹಠ.

ಅಂಥ ಮಗು ಇದ್ದರೆ ಆಟದ ಗುರಿಯನ್ನೇ ಬದಲಾಯಿಸಿ. ನೂರಕ್ಕೆ ಅರವತ್ತು ಉಳಿಸಿದರೆ ಸಾಕು ಅಂತ ಆಟ ಹೇಳಿದರೂ ನಾವು ನೂರಕ್ಕೆ ನೂರು ಉಳಿಸಲು ಪ್ರಯತ್ನಿಸೋಣ ಅನ್ನಿ. ಆಗ ಆಟ ಕಷ್ಟವಾಗುತ್ತದೆ, ಆದರೆ ಮಗುವಿನ ಅಳು ಆಟದೊಳಗಿನ ಕೆಲಸವಾಗಿ ಬದಲಾಗುತ್ತದೆ. "ಇವನನ್ನು ತಡೆಯೋಕೆ ನಿಲ್ಲಿಸಿದ್ದೀವಿ, ಕೊನೆಗೆ ಇವನನ್ನು ಕರ್ಕೊಂಡು ಹೋಗೋದು ಹೇಗೆ?" ಅಂತ ಮಗುವೇ ಕೇಳುತ್ತದೆ. ಅದಕ್ಕೂ ಒಂದು ಉಪಾಯ ಇದೆ: ತಡೆಯುವವನ ಕಾಲ ಕೆಳಗಿನ ನೆಲವನ್ನು ಇನ್ನೊಬ್ಬನಿಂದ ಅಗೆಸಿದರೆ ಅವನು ಕೆಳಗೆ ಬಿದ್ದು ಮತ್ತೆ ನಡೆಯಲು ಶುರು ಮಾಡುತ್ತಾನೆ. ಇದನ್ನು ಮೊದಲ ಸಲ ಕಂಡುಹಿಡಿದ ಮಗುವಿನ ಮುಖ ನೋಡಬೇಕು!

ಕೆಳಗಿನ ಪಟ್ಟಿಯ ಕೊನೆಯಲ್ಲಿ ಅಣಬೆ ಆಕಾರದ ಹೊಗೆಯ ಚಿತ್ರ ಇದೆ. ಎರಡು ಸಲ ಒತ್ತಿದರೆ ಎಲ್ಲ ಲೆಮ್ಮಿಂಗ್‌ಗಳೂ ಒಂದರ ಹಿಂದೊಂದು ಸಿಡಿಯುತ್ತವೆ. ಲೆವೆಲ್ ಕೈಮೀರಿ ಹೋದಾಗ ಮತ್ತೆ ಶುರು ಮಾಡಲು ಇಟ್ಟಿರುವುದು. ಮೃದು ಮನಸ್ಸಿನ ಮಗುವಿನ ಎದುರು ಅದನ್ನು ಮುಟ್ಟಬೇಡಿ. ಎಸ್ಕೇಪ್ ಕೀ ಒತ್ತಿ ಹೊರಬಂದರೆ ಸಾಕು.

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಆಚರಿಸುವುದಿಲ್ಲ. ಮಗುವಿಗೆ ಆಟ ಅರ್ಥವಾಗುತ್ತದಾ?

ಖಂಡಿತ. ಇದರಲ್ಲಿ ಹಬ್ಬದ ಕಥೆ ಇಲ್ಲ, ಧರ್ಮದ ಮಾತೂ ಇಲ್ಲ. ವೇಷ, ಹಿಮ, ಹಾಡಿನ ಧಾಟಿ ಮಾತ್ರ. ಕೆಂಪು ಅಂಗಿಯ ಸಾಂತಾನನ್ನು ನಮ್ಮ ಮಕ್ಕಳು ಶಾಲೆಯಲ್ಲೋ ಅಂಗಡಿ ಮುಂದೆಯೋ ನೋಡಿಯೇ ಇರುತ್ತಾರೆ. ಕ್ರಿಸ್‌ಮಸ್ ಆಚರಿಸುವ ಮನೆಯಾದರೆ, ಮಂಗಳೂರು ಕಡೆಯವರಾದರೆ, ಒಂದು ತಟ್ಟೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಪಕ್ಕದಲ್ಲಿದ್ದರೆ ಇನ್ನೂ ಚೆನ್ನ. ಮೌಸ್ ಹಿಡಿಯುವ ಕೈಗೆ ಮಾತ್ರ ಎಣ್ಣೆ ಅಂಟದಿರಲಿ.

ಇಂಗ್ಲಿಷ್ ಓದಲು ಬರಬೇಕಾ?

ಬೇಡ. ಕೆಲಸಗಳಿಗೆಲ್ಲ ಚಿತ್ರ ಇದೆ. ಇಂಗ್ಲಿಷ್ ಇರುವುದು ಲೆವೆಲ್‌ಗಳ ಹೆಸರಿನಲ್ಲಿ ಮತ್ತು ಶುರುವಿನ ಸೂಚನೆಯಲ್ಲಿ. ಹೆಸರಿನಲ್ಲಿ ಕೆಲವೊಮ್ಮೆ ಸುಳಿವು ಇರುತ್ತದೆ, ಅದನ್ನು ದೊಡ್ಡವರು ಓದಿ ಹೇಳಿದರೆ ಆಯಿತು. ಸಂಖ್ಯೆ ಗುರುತಿಸಲು ಬಂದರೆ ಮಗುವಿಗೆ ಅನುಕೂಲ.

ಮೌಸ್ ಒಂದೇ, ಮಕ್ಕಳು ಮೂವರು. ಜಗಳ ಆಗಲ್ವಾ?

ಆಗುತ್ತದೆ. ಮೊದಲೇ ಕೆಲಸ ಹಂಚಿಬಿಡಿ. ಒಬ್ಬರು ಮೌಸ್ ಹಿಡಿಯುವವರು. ಒಬ್ಬರು ಸಮಯ ಮತ್ತು ಉಳಿದ ಕೆಲಸಗಳ ಲೆಕ್ಕ ಇಡುವವರು: "ಇನ್ನು ಎರಡೇ ಮೆಟ್ಟಿಲು ಉಳಿದಿದೆ" ಅಂತ ಹೇಳುವುದು ಅವರ ಪಾಲು. ಮೂರನೆಯವರು ದಾರಿ ಹುಡುಕುವವರು. ಪ್ರತಿ ಲೆವೆಲ್‌ಗೂ ಬದಲಾಯಿಸಿ. ಗೆದ್ದರೂ ಸೋತರೂ ಬದಲಾಯಿಸಿ, ಇಲ್ಲದಿದ್ದರೆ "ಇನ್ನೊಂದು ಚಾನ್ಸ್" ಶುರುವಾಗುತ್ತದೆ.

ಆಟವನ್ನು ನಡುವೆ ತಡೆದು ನಿಲ್ಲಿಸುವ ಪಾಝ್ ಬಟನ್ ಈ ಆಟದ ದೊಡ್ಡ ಗುಣ. ಕೆಳಗಿನ ಪಟ್ಟಿಯಲ್ಲಿ ಪಂಜದ ಗುರುತು ಇದೆ. ಅದನ್ನು ಒತ್ತಿದರೆ ಎಲ್ಲವೂ ನಿಲ್ಲುತ್ತದೆ. ನಿಂತಿರುವಾಗ ಇಡೀ ಜಾಗವನ್ನು ಆಚೆ ಈಚೆ ಸರಿಸಿ ನೋಡಬಹುದು. ನಾನು ಪ್ರತಿ ಲೆವೆಲ್ ಶುರುವಾದ ಕೂಡಲೇ ನಿಲ್ಲಿಸಿಬಿಡುತ್ತೇನೆ. ಉದುರುವ ಬಾಗಿಲು ಎಲ್ಲಿದೆ, ಸೇರಬೇಕಾದ ಬಾಗಿಲು ಎಲ್ಲಿದೆ, ನಡುವೆ ಏನೇನಿದೆ ಅಂತ ಎಲ್ಲರೂ ನೋಡಿ, ಒಬ್ಬೊಬ್ಬರೂ ಒಂದೊಂದು ಯೋಚನೆ ಹೇಳಿ, ಆಮೇಲೆ ಬಿಡುವುದು. ಆಟಕ್ಕಿಂತ ಜಾಸ್ತಿ ಹೊತ್ತು ಮಾತಿಗೇ ಹೋಗುತ್ತದೆ. ಹೋಗಲಿ. ವೇಗದ ಆಟಗಳಲ್ಲಿ ಅಜ್ಜಿಯ ಮಾತಿಗೆ ಜಾಗವೇ ಇರುವುದಿಲ್ಲ. ಇಲ್ಲಿ ಅಜ್ಜಿ ಹೇಳಿದ ದಾರಿಯೇ ಸರಿಯಾಗುವುದು ಎಷ್ಟೋ ಸಲ.

ನೇರವಾಗಿ ಹಾಲಿಡೇ ಆವೃತ್ತಿಯಿಂದ ಶುರು ಮಾಡಬಹುದಾ?

ಮಾಡಬಹುದು, ಆದರೆ ಮೂಲ ಲೆಮ್ಮಿಂಗ್ಸ್‌ನ ಮೊದಲ ಏಳೆಂಟು ಲೆವೆಲ್ ಆಡಿಕೊಂಡು ಬಂದರೆ ಒಳ್ಳೆಯದು. ಅಲ್ಲಿ ಒಂದು ಲೆವೆಲ್‌ಗೆ ಒಂದು ಕೆಲಸದ ಹಾಗೆ ಕಲಿಸುತ್ತಾ ಹೋಗುತ್ತಾರೆ. ಮೊಟ್ಟಮೊದಲ ಲೆವೆಲ್‌ನಲ್ಲಿ ಬರುವುದು ಹತ್ತೇ ಲೆಮ್ಮಿಂಗ್, ನೆಲ ತೋಡಿದರೆ ಸಾಕು, ಒಂದನ್ನು ಉಳಿಸಿದರೂ ಪಾಸು. ಮುಂದಿನದು ಛತ್ರಿಗೆ, ಅದರ ಮುಂದಿನದು ತಡೆಯುವವನಿಗೆ. ಹೀಗೆ ಮೆಲ್ಲಗೆ ಕೈ ಹಿಡಿದು ನಡೆಸುತ್ತದೆ. ಹಾಲಿಡೇ ಲೆವೆಲ್‌ಗಳನ್ನು ಮಾಡಿದ್ದು ಇವೆಲ್ಲ ಗೊತ್ತಿರುವವರಿಗೆ.

ಒಂದು ಲೆವೆಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಏನು ಮಾಡೋದು?

ಬಹಳ ಕಡೆ ಕೆಲಸಕ್ಕೆ ಬರುವ ಒಂದು ಉಪಾಯ ಹೇಳುತ್ತೇನೆ. ಗುಂಪನ್ನೆಲ್ಲ ಒಂದು ಕಡೆ ಕಟ್ಟಿಹಾಕಿ, ಒಬ್ಬನನ್ನು ಮುಂದೆ ಕಳಿಸಿ. ಅವನು ಒಬ್ಬನೇ ಹೋಗಿ ಸೇತುವೆ ಕಟ್ಟಿ, ಗೋಡೆ ಕೊರೆದು, ದಾರಿ ಎಲ್ಲ ಸರಿ ಮಾಡಲಿ. ಆಮೇಲೆ ಗುಂಪನ್ನು ಬಿಡಿ. ಗುಂಪನ್ನು ಕಟ್ಟಿಹಾಕಲು ಎರಡು ತಡೆಯುವವರನ್ನು ನಿಲ್ಲಿಸಬಹುದು. ತಡೆಯುವವರು ಇಲ್ಲದಿದ್ದರೆ ಒಂದು ಹಳ್ಳ ತೋಡಿಸಿ. ಎಲ್ಲರೂ ಹಳ್ಳಕ್ಕೆ ಬಿದ್ದು ಅಲ್ಲಿಂದಿಲ್ಲಿಗೆ ನಡೆಯುತ್ತಾ ಇರುತ್ತಾರೆ, ಹತ್ತುವ ಗುಣ ಇರುವವನು ಮಾತ್ರ ಮೇಲೆ ಬರುತ್ತಾನೆ. ಹೊರಡುವ ಹೊತ್ತಿಗೆ ಹಳ್ಳದ ಪಕ್ಕದ ಗೋಡೆ ಕೊರೆಸಿದರೆ ಆಯಿತು. ಹಳ್ಳ ತೀರಾ ಆಳವಾಗಿ ತಳ ಒಡೆಯದ ಹಾಗೆ ನೋಡಿಕೊಳ್ಳಿ.

ಇನ್ನೊಂದು: ತಪ್ಪು ದಿಕ್ಕಿಗೆ ಹೋಗುತ್ತಿರುವವನನ್ನು ತಿರುಗಿಸಬೇಕಾದರೆ ಗೋಡೆಯ ಹತ್ತಿರ ಅವನಿಗೆ ಮೆಟ್ಟಿಲು ಕಟ್ಟಲು ಹೇಳಿ. ತಲೆ ಗೋಡೆಗೆ ತಾಗಿದ ಕೂಡಲೇ ತಿರುಗಿ ಬರುತ್ತಾನೆ.

ಲೆಮ್ಮಿಂಗ್‌ಗಳು ಎಷ್ಟು ಬೇಗ ಬೇಗ ಹೊರಬರಬೇಕು ಅನ್ನುವುದನ್ನು ಕೂಡಿಸು ಕಳೆ ಗುರುತುಗಳಿಂದ ಬದಲಾಯಿಸಬಹುದು. 99ರವರೆಗೂ ಏರಿಸಬಹುದು, ಲೆವೆಲ್ ಶುರುವಾದಾಗ ಇದ್ದದ್ದಕ್ಕಿಂತ ಕೆಳಗೆ ಇಳಿಸಲಾಗದು. ಮಕ್ಕಳು ಸುಮ್ನೆ ಏರಿಸಿ ಮಜಾ ನೋಡುತ್ತಾರೆ. ದಾರಿ ಸಿದ್ಧವಾಗುವವರೆಗೆ ಅದನ್ನು ಮುಟ್ಟದಿರುವುದೇ ಮೇಲು.

ಯೂಟ್ಯೂಬ್‌ನಲ್ಲಿ ಉತ್ತರ ನೋಡಬಹುದಾ?

ದೊಡ್ಡವರು ಬೇಕಾದರೆ ಮಕ್ಕಳು ಮಲಗಿದ ಮೇಲೆ ನೋಡಿಕೊಳ್ಳಿ. ಮರುದಿನ ಒಂದೇ ಒಂದು ಸುಳಿವು ಕೊಡಿ. ಪೂರ್ತಿ ಉತ್ತರ ತೋರಿಸಿಬಿಟ್ಟರೆ ಆ ಲೆವೆಲ್ ಹಾಳಾದ ಹಾಗೆ.

ಈಗ ಇದು ಎಲ್ಲಿ ಸಿಗುತ್ತದೆ? ಫೋನಿನಲ್ಲಿ ಆಡಬಹುದಾ?

ಮೂಲ ಹಾಲಿಡೇ ಲೆಮ್ಮಿಂಗ್ಸ್ ಬಂದದ್ದು ಆ ಕಾಲದ ಅಮಿಗಾ, ಡಾಸ್ ಓಡುವ ಪಿಸಿ, ಮ್ಯಾಕಿಂತೋಷ್ ಕಂಪ್ಯೂಟರ್‌ಗಳಿಗೆ. ಹಳೆಯ ಡಾಸ್ ಪ್ರತಿ ಕೈಯಲ್ಲಿದ್ದರೆ ಡಾಸ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಈಗಿನ ಲ್ಯಾಪ್‌ಟಾಪ್‌ನಲ್ಲೂ ಓಡಿಸಬಹುದು. ಕಂಡ ಕಂಡ ಕಡೆಯಿಂದೆಲ್ಲ ಫೈಲ್ ಇಳಿಸಿಕೊಳ್ಳಬೇಡಿ. ಹಳೆಯ ಆಟದ ಹೆಸರಿನಲ್ಲಿ ವೈರಸ್ ಹಂಚುವವರು ಇದ್ದಾರೆ. ಮಕ್ಕಳ ಕಂಪ್ಯೂಟರ್‌ನಲ್ಲಂತೂ ಇದು ಬೇಡವೇ ಬೇಡ.

ಪ್ರತಿ ಸಿಗದಿದ್ದರೆ ಬೇಸರ ಬೇಡ. ಪಿಂಗಸ್ ಅಂತ ಒಂದು ಆಟ ಇದೆ. ಪೂರ್ತಿ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. 1998ರಲ್ಲಿ ಶುರುವಾದ ಕೆಲಸ. ಲೆಮ್ಮಿಂಗ್ ಬದಲು ಪೆಂಗ್ವಿನ್‌ಗಳು, ಅಷ್ಟೇ. ಪೆಂಗ್ವಿನ್ ಅಂದ ಮೇಲೆ ಹಿಮ ಇದ್ದೇ ಇರುತ್ತದೆ, ಹಾಗಾಗಿ ರಜೆಯ ಕಳೆ ತಾನಾಗಿಯೇ ಬರುತ್ತದೆ. ಲಿಕ್ಸ್ ಅನ್ನುವುದು ಇನ್ನೊಂದು ಉಚಿತ ಆಟ, ಅದರಲ್ಲಿ ನೆಟ್‌ವರ್ಕ್ ಮೂಲಕ ಹಲವರು ಆಡಬಹುದು. ಅಮೆರಿಕದಲ್ಲಿರುವ ಅಣ್ಣನ ಮಕ್ಕಳು, ಮೈಸೂರಿನಲ್ಲಿರುವ ತಂಗಿಯ ಮಕ್ಕಳು ಒಟ್ಟಿಗೆ ಆಡಬೇಕು ಅಂದರೆ ಇದು ಅನುಕೂಲ. ಆದರೆ ಲಿಕ್ಸ್ ಸ್ವಲ್ಪ ಕಠಿಣ, ಎಂಟು ಒಂಬತ್ತು ವರ್ಷ ದಾಟಿದವರಿಗೆ ಸರಿ.

ಫೋನಿಗೂ ಲೆಮ್ಮಿಂಗ್ಸ್ ಹೆಸರಿನ ಆಟ ಇದೆ, 2018ರಿಂದ. ಆಡುವ ವಿಧಾನವನ್ನು ಬೆರಳಿಗೆ ತಕ್ಕ ಹಾಗೆ ಬದಲಾಯಿಸಿದ್ದಾರೆ. ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ವಸ್ತುಗಳಿವೆ. ಚಿಕ್ಕ ಮಗುವಿನ ಕೈಗೆ ಕೊಡುವ ಮುಂಚೆ ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿಡಿ. ನನ್ನ ಕೇಳಿದರೆ, ಮನೆಮಂದಿ ಕೂತು ಆಡಲು ಫೋನು ಸರಿಯಲ್ಲ. ಒಬ್ಬರ ಅಂಗೈಯಲ್ಲಿ ಇರುವುದನ್ನು ನಾಲ್ಕು ಜನ ನೋಡಲಾಗದು.

ದಿನಕ್ಕೆ ಎಷ್ಟು ಹೊತ್ತು ಆಡಬಹುದು?

ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ ಹೇಳುವುದು ಹೀಗೆ: ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಅಪರೂಪಕ್ಕೆ ಅಜ್ಜ ಅಜ್ಜಿಯ ಜೊತೆ ವಿಡಿಯೋ ಕಾಲ್ ಬಿಟ್ಟರೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಜೊತೆ. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ. ಇದರಲ್ಲಿ ಟಿವಿ, ಫೋನು ಎಲ್ಲ ಸೇರಿತು ಅನ್ನುವುದನ್ನು ಮರೆಯಬೇಡಿ.

ಲೆಮ್ಮಿಂಗ್ಸ್‌ನಲ್ಲಿ ನಿಲ್ಲಿಸುವುದು ಸುಲಭ. ಒಂದು ಲೆವೆಲ್‌ಗೆ ಕೆಲವೇ ನಿಮಿಷ. "ಇನ್ನು ಹತ್ತು ನಿಮಿಷ" ಅನ್ನುವ ಬದಲು "ಇನ್ನು ಎರಡು ಲೆವೆಲ್" ಅನ್ನಿ. ಗಡಿಯಾರ ನೋಡಲು ಬಾರದ ಮಗುವಿಗೂ ಅದು ಗೊತ್ತಾಗುತ್ತದೆ.

ಇದನ್ನು ಮಾಡಿದವರು ಯಾರು?

ಸ್ಕಾಟ್ಲೆಂಡಿನ ಡಂಡೀ ಊರಿನ ಡಿಎಂಎ ಡಿಸೈನ್ ಎಂಬ ಪುಟ್ಟ ಕಂಪನಿ. ಆ ಊರಿನಲ್ಲಿ ಟೈಮೆಕ್ಸ್ ಕಾರ್ಖಾನೆ ಇತ್ತು, ಝೆಡ್‌ಎಕ್ಸ್ ಸ್ಪೆಕ್ಟ್ರಂ ಎಂಬ ಅಗ್ಗದ ಮನೆ ಕಂಪ್ಯೂಟರ್ ತಯಾರಾಗುತ್ತಿದ್ದದ್ದು ಅಲ್ಲೇ. ಕಂಪನಿ ಕಟ್ಟಿದ ಡೇವಿಡ್ ಜೋನ್ಸ್ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕೆಲಸ ಹೋದಾಗ ಸಿಕ್ಕ ಹಣದಲ್ಲಿ ಒಂದು ಅಮಿಗಾ ಕಂಪ್ಯೂಟರ್ ಕೊಂಡರು.

ಲೆಮ್ಮಿಂಗ್ ಹುಟ್ಟಿದ್ದು 1989ರ ಆಗಸ್ಟ್‌ನಲ್ಲಿ, ಬೇರೊಂದು ಆಟಕ್ಕಾಗಿ ಚಿಕ್ಕ ಮನುಷ್ಯರ ಚಿತ್ರ ಬರೆಯುವಾಗ. ಅಷ್ಟು ಪುಟ್ಟ ಜಾಗದಲ್ಲಿ ಮನುಷ್ಯ ನಡೆಯುವ ಹಾಗೆ ತೋರಿಸಬಹುದು ಅಂತ ಮೈಕ್ ಡೈಲಿ ಊಟದ ಬಿಡುವಿನಲ್ಲಿ ಚಿತ್ರ ಬರೆದು ತೋರಿಸಿದರು. ಗ್ಯಾರಿ ಟಿಮನ್ಸ್ ಅದನ್ನು ಇನ್ನೂ ತಿದ್ದಿದರು. ಸಾಲಾಗಿ ನಡೆಯುತ್ತಿದ್ದ ಅವನ್ನು ನೋಡಿ ರಸೆಲ್ ಕೇ, ಇದರಲ್ಲೊಂದು ಆಟ ಇದೆ ಅಂದರು. ಮಾರಾಟಕ್ಕೆ ತಂದವರು ಸಿಗ್ನೋಸಿಸ್. ಮೊದಲ ದಿನವೇ ಅಮಿಗಾದಲ್ಲಿ 55,000 ಪ್ರತಿ ಹೋದವು. ಡಿಎಂಎ ಡಿಸೈನ್‌ನ ಹಿಂದಿನ ಯಾವ ಒಂದು ಆಟವೂ ಒಟ್ಟಾರೆ ಇಷ್ಟು ಮಾರಾಟವಾಗಿರಲಿಲ್ಲ.

ಡಂಡೀಯಲ್ಲಿ ಈಗ ಲೆಮ್ಮಿಂಗ್‌ಗಳ ಕಂಚಿನ ಪ್ರತಿಮೆಗಳಿವೆ, ಕಂಬ ಹತ್ತುತ್ತಿರುವ ಹಾಗೆ. ಒಂದು ಎಚ್ಚರಿಕೆ: ಇದೇ ಡಿಎಂಎ ಡಿಸೈನ್ 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಕೂಡ ಮಾಡಿತು. "ಅದೇ ಕಂಪನಿದು ಅಲ್ವಾ" ಅಂತ ಮಕ್ಕಳು ಕೇಳಿದರೆ ಮರುಳಾಗಬೇಡಿ. ಅದು ದೊಡ್ಡವರ ಆಟ.

ಲೆಮ್ಮಿಂಗ್ ಅನ್ನೋ ಪ್ರಾಣಿ ನಿಜವಾಗಿಯೂ ಇದೆಯಾ? ಸಾಲಾಗಿ ಹೋಗಿ ಸಮುದ್ರಕ್ಕೆ ಬೀಳುತ್ತವಂತೆ?

ಪ್ರಾಣಿ ಇದೆ. ಇಲಿಯ ಜಾತಿಗೆ ಹತ್ತಿರದ್ದು, ಗಿಡ್ಡ ಬಾಲ, ದಪ್ಪ ತುಪ್ಪಳ. ನಾರ್ವೆಯಂಥ ಉತ್ತರದ ಚಳಿ ನಾಡುಗಳಲ್ಲಿ ಇರುತ್ತದೆ. ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ಹಿಮದ ಅಡಿಯಲ್ಲಿ ಸುರಂಗ ತೋಡಿಕೊಂಡು ಹುಲ್ಲು, ಪಾಚಿ ತಿಂದು ಬದುಕುತ್ತದೆ. ಆಟದಲ್ಲಿ ಅವು ಹಿಮ ಕೊರೆಯುವುದನ್ನು ನೋಡಿದ ಮಗುವಿಗೆ ಇದನ್ನು ಹೇಳಿ, ಖುಷಿಪಡುತ್ತದೆ.

ಸಮುದ್ರಕ್ಕೆ ಹಾರಿ ಸಾಯುತ್ತವೆ ಅನ್ನುವುದು ಸುಳ್ಳು. ಮೂರ್ನಾಲ್ಕು ವರ್ಷಕ್ಕೊಮ್ಮೆ ಅವುಗಳ ಸಂಖ್ಯೆ ವಿಪರೀತ ಏರುತ್ತದೆ. ಆಗ ಹೊಸ ಜಾಗ ಹುಡುಕಿಕೊಂಡು ಹೊರಡುತ್ತವೆ. ದಾರಿಯಲ್ಲಿ ನದಿ, ಕೆರೆ ಈಜುವಾಗ ಕೆಲವು ಸಾಯುತ್ತವೆ. ಬೇಕಂತಲೇ ಸಾಯಲು ಯಾವುದೂ ಹೋಗುವುದಿಲ್ಲ. 1958ರ ಒಂದು ಅಮೆರಿಕನ್ ಸಾಕ್ಷ್ಯಚಿತ್ರದಲ್ಲಿ ಲೆಮ್ಮಿಂಗ್‌ಗಳು ಬಂಡೆಯಿಂದ ಬೀಳುವ ದೃಶ್ಯ ತೋರಿಸಿದ್ದರು. ಅದನ್ನು ಚಿತ್ರೀಕರಿಸಿದ್ದು ಸಮುದ್ರವೇ ಇಲ್ಲದ ಕೆನಡಾದ ಆಲ್ಬರ್ಟಾದಲ್ಲಿ, ಪ್ರಾಣಿಗಳನ್ನು ಬೇಕೆಂದೇ ತಳ್ಳಿ. ಆಟದಲ್ಲಿ ನಾವು ಅವನ್ನು ಉಳಿಸುತ್ತೇವಲ್ಲ, ಅದು ನನಗೆ ಈ ಆಟ ಇಷ್ಟವಾಗಲು ಇನ್ನೊಂದು ಕಾರಣ.

ಹಿನ್ನೆಲೆ ಸಂಗೀತ ಯಾವುದು?

ಜಿಂಗಲ್ ಬೆಲ್ಸ್ ಮತ್ತು ಅಂಥವೇ ಕ್ರಿಸ್‌ಮಸ್ ಧಾಟಿಗಳು. ಶಾಲೆಯಲ್ಲಿ ಕಲಿತ ಮಕ್ಕಳು ಆಡುತ್ತಲೇ ಹಾಡುತ್ತಾರೆ. ಬೇಡವೆನಿಸಿದರೆ ಸಂಗೀತ ನಿಲ್ಲಿಸಿ, ಸದ್ದುಗಳನ್ನು ಮಾತ್ರ ಇಟ್ಟುಕೊಳ್ಳಿ. ಆ ಟಣ್ ಸದ್ದು ಕೇಳದೆ ಮೆಟ್ಟಿಲು ಕಟ್ಟುವುದು ಕಷ್ಟ.

ನಮ್ಮ ಮಗನಿಗೆ ಓಡುವ, ಹಾರುವ ಆಟವೇ ಬೇಕಂತೆ. ಹಬ್ಬದ ವೇಷದಲ್ಲಿ ಅಂಥದ್ದು ಇದೆಯಾ?

ಇದೆ. ಎರಡು ಹೇಳುತ್ತೇನೆ. ಒಂದು, ಎಪಿಕ್ ಮೆಗಾಗೇಮ್ಸ್ ಕಂಪನಿಯ ಜಾಝ್ ಜ್ಯಾಕ್‌ರ‍್ಯಾಬಿಟ್. ಹಸಿರು ಮೊಲದ ಆಟ. 1994ರ ಕ್ರಿಸ್‌ಮಸ್‌ಗೆ ಹಾಲಿಡೇ ಹೇರ್ ಅಂತ ಅದರ ಪುಟ್ಟ ಆವೃತ್ತಿ ಬಿಟ್ಟರು. ಭಾರಿ ವೇಗ. ಮೊಲದ ಕೈಯಲ್ಲಿ ಗನ್ ಇದೆ, ಅದು ನಿಮಗೆ ಒಪ್ಪಿಗೆಯೋ ಇಲ್ಲವೋ ನೋಡಿಕೊಳ್ಳಿ.

ಇನ್ನೊಂದು, ನಾರ್ವೆಯ ಫನ್‌ಕಾಮ್ ಮಾಡಿ ಸನ್‌ಸಾಫ್ಟ್ ಹೊರತಂದ ಡೇಝ್ ಬಿಫೋರ್ ಕ್ರಿಸ್‌ಮಸ್, ಅದೂ 1994ರದ್ದೇ. ಸಾಂತಾ ಕ್ಲಾಸನೇ ನಾಯಕ. ಕಳುವಾದ ಉಡುಗೊರೆಗಳನ್ನು ಹುಡುಕುತ್ತಾ 24 ಲೆವೆಲ್ ದಾಟಬೇಕು. ಚಿಕ್ಕ ಮಕ್ಕಳಿಗೆಂದೇ ಸುಲಭವಾಗಿ ಮಾಡಿದ್ದಾರೆ. ಸೇಗಾ ಕಂಪನಿಯ ಮೆಗಾ ಡ್ರೈವ್ ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ. ಹಿಮ ತುಂಬಿದ ಈ ಆಟದ ಮೆಗಾ ಡ್ರೈವ್ ಆವೃತ್ತಿ ಆಗ ಬಂದದ್ದು ಆಸ್ಟ್ರೇಲಿಯಾದಲ್ಲಿ ಮಾತ್ರ. ಅಲ್ಲಿ ಡಿಸೆಂಬರ್ ಅಂದರೆ ಸುಡುವ ಬೇಸಿಗೆ! ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮವರ ಮಕ್ಕಳಿಗೆ ಆ ರಜೆ ಹೇಗಿರುತ್ತದೆ ಅಂತ ಗೊತ್ತು.

ನಮ್ಮಲ್ಲಿ ಆಗ ಇಂಥ ಯಂತ್ರಗಳು ಕೈಗೆಟುಕುತ್ತಿರಲಿಲ್ಲ. 1995ರಲ್ಲಿ ಶಾ ವ್ಯಾಲೇಸ್ ಎಂಬ ಕಂಪನಿಯ ಮೂಲಕ ಮೆಗಾ ಡ್ರೈವ್ ಭಾರತಕ್ಕೆ ಬಂದಾಗ ಬೆಲೆ 18,000 ರೂಪಾಯಿ. ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಟಿವಿಗೆ ಜೋಡಿಸುವ ಅಗ್ಗದ ವಿಡಿಯೋ ಗೇಮ್, ನೂರಾರು ಆಟ ಇದೆ ಅಂತ ಬರೆದ ಹಳದಿ ಕ್ಯಾಸೆಟ್. ಆ ಕಾಲದಲ್ಲಿ ಆಡಲಾಗದ್ದನ್ನು ಈಗ ಮಕ್ಕಳ ಜೊತೆ ಆಡುತ್ತಿರುವ ಅಪ್ಪ ಅಮ್ಮಂದಿರು ಎಷ್ಟೋ ಜನ.

ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಆಡಬೇಕಾ?

ಬೇಡ. ಲೆವೆಲ್ ಗೆದ್ದಾಗ ಮುಂದಿನದಕ್ಕೆ ಹತ್ತು ಅಕ್ಷರದ ಪಾಸ್‌ವರ್ಡ್ ತೋರಿಸುತ್ತದೆ. ಅದನ್ನು ಬರೆದಿಟ್ಟುಕೊಂಡು ನಾಳೆ ಟೈಪ್ ಮಾಡಿದರೆ ಅಲ್ಲಿಂದಲೇ ಶುರು. ಬರೆಯುವ ಕೆಲಸ ಇಂಗ್ಲಿಷ್ ಅಕ್ಷರ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಕೊಡಿ, ದೊಡ್ಡವರು ಒಮ್ಮೆ ಪರೀಕ್ಷಿಸಿ. ಒಂದಕ್ಷರ ಹೆಚ್ಚು ಕಡಿಮೆ ಆದರೂ ಆಟ ಒಪ್ಪುವುದಿಲ್ಲ. ಜೊತೆಗೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.